ಕೆಲಸವಿಲ್ಲದಿದ್ದರೂ ಗದಗಿಗೆ ಹೋಗಿ ಬನ್ನಿ

ಬೆಳವಣಕಿಯಲ್ಲಿ ಗದಗಿನ ಬಸ್ ಹತ್ತುವವರ ಕೈಯಲ್ಲಿ ಏನಾದರೊಂದು ಇದ್ದೇ ಇರುತ್ತದೆ. ದವಾಖಾನೆಯ ಚೀಟಿ, ಕೋರ್ಟಿನ ಕಾಗದ, ಇಲ್ಲವೇ ಎಪಿಎಂಸಿಯಲ್ಲಿ ದರ ಕೇಳಲು ಒಂದು ಹಿಡಿ ಕಡಲೆ ಕಟ್ಟಿದ ಗಂಟು. ಕೆಲಸ ಮುಗಿಯಿತೋ, ಸಂಜೆ ಬಸ್ಸಿಗೆ ಮರಳಿ ಊರು. ರೋಣ, ನರಗುಂದ, ಗಜೇಂದ್ರಗಡದ ಕಡೆಯ ಬಹಳಷ್ಟು ಮಂದಿಗೆ ಜಿಲ್ಲಾ ಕೇಂದ್ರದ ಪರಿಚಯ ಇಷ್ಟೇ. ಸುತ್ತಾಡುವ ಮನಸ್ಸಾದಾಗ ಬಾಯಿಗೆ ಬರುವುದು ಗೋವಾ, ಮೈಸೂರಿನ ಹೆಸರು. ಈ ಮಾಗಿಯಲ್ಲಿ ಯಾವ ಕೆಲಸವನ್ನೂ ಕಟ್ಟಿಕೊಳ್ಳದೆ ಗದಗಿಗೇ ಹೋಗಬೇಕು. ಒಂದು ರಾತ್ರಿಯಾದರೂ ಅಲ್ಲಿ ತಂಗಬೇಕು.

ತಂಗಬೇಕು ಎನ್ನುವುದಕ್ಕೆ ಕಾರಣವಿದೆ. ಈ ಊರಿನ ಚೆಲುವೆಲ್ಲ ಇರುವುದು ಬೆಳಗಿನ ಮತ್ತು ಇಳಿಹೊತ್ತಿನಲ್ಲಿ; ಕಚೇರಿ ಕೆಲಸಕ್ಕೆ ಬಂದವರು ಕಾಣುವುದು ನಡುಹಗಲನ್ನು ಮಾತ್ರ.

ವೀರನಾರಾಯಣನ ಗುಡಿಗೆ ಬೆಳಗಿನ ಜಾವವೇ ಹೋಗಬೇಕು. ಕೋಳಿವಾಡದ ನಾರಣಪ್ಪ ಗದಗಿಗೆ ಬಂದು ಕುಮಾರವ್ಯಾಸನಾದದ್ದು ಇಲ್ಲಿ. ಒಂದು ಕಂಬದ ಬುಡದಲ್ಲಿ ಕುಳಿತು, ಮಿಂದು ಉಟ್ಟ ಒದ್ದೆ ಬಟ್ಟೆ ಆರುವವರೆಗಷ್ಟೇ ಭಾರತ ಬರೆಯುತ್ತಿದ್ದನೆಂದು ಜನ ಹೇಳುತ್ತಾರೆ. ಆ ಕಂಬವನ್ನು ಇಂದಿಗೂ ತೋರಿಸುತ್ತಾರೆ. ಚಳಿಗೆ ತಣ್ಣಗಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಿಂತು ಆ ಕಂಬವನ್ನು ನೋಡಿದಾಗ, ಕತೆ ನಿಜವೋ ಸುಳ್ಳೋ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಅಲ್ಲಿಂದ ತ್ರಿಕೂಟೇಶ್ವರಕ್ಕೆ. ಅದರ ಆವರಣದಲ್ಲೇ ಇರುವ ಸರಸ್ವತಿಯ ಗುಡಿಯಲ್ಲಿ ದೇವಿಯ ಮೂರ್ತಿ ಭಿನ್ನವಾಗಿದೆ, ಕಂಬಗಳ ಕುಸುರಿ ಮಾತ್ರ ಕಣ್ಣು ಕೀಳಗೊಡುವುದಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಲಕ್ಕುಂಡಿ. ಹೊಸಪೇಟೆ ರಸ್ತೆಯಲ್ಲಿ 12 ಕಿಲೋಮೀಟರ್. ಇಲ್ಲಿ ಅವಸರ ಬೇಡ. ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲುವಾಡದ ಮುಂದೆ ನಾಲ್ಕು ಗಂಟೆಯ ಹೊತ್ತಿಗೆ ನಿಂತರೆ ಮಾಗಿಯಲ್ಲಿ ಬಂದದ್ದು ಸಾರ್ಥಕ. ಚಳಿಗಾಲದ ಸೂರ್ಯ ಕೆಳಗಿನಿಂದ ಓರೆಯಾಗಿ ಬೆಳಕು ಚೆಲ್ಲುತ್ತಾನೆ. ಬೇಸಿಗೆಯ ನೆತ್ತಿಬಿಸಿಲಿಗೆ ಮಸುಕಾಗುವ ಬಳ್ಳಿ, ಎಲೆ, ಗೊಂಬೆಗಳಿಗೆ ಆಗ ನೆರಳು ಕೂಡಿ, ಒಂದೊಂದು ಗೆರೆಯೂ ಎದ್ದು ನಿಲ್ಲುತ್ತದೆ. ಬಾದಾಮಿ, ಪಟ್ಟದಕಲ್ಲಿನ ಮರಳುಗಲ್ಲು ಬಿಟ್ಟು ಇಲ್ಲಿನ ಶಿಲ್ಪಿಗಳು ಬಳಪದ ಕಲ್ಲು ಹಿಡಿದಿದ್ದರು. ಈ ಕಲ್ಲು ಉಳಿಗೆ ಮೆತ್ತಗೆ ಬಗ್ಗುವುದರಿಂದಲೇ ಇಷ್ಟು ಸಣ್ಣ ಕೆಲಸ ಸಾಧ್ಯವಾಯಿತು. ಬ್ರಹ್ಮ ಜಿನಾಲಯ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ, 1007ರಲ್ಲಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಹೆಣ್ಣುಮಗಳು ಆಕೆ. ಅಚ್ಚಿನ ಮನೆಯೇ ಇಲ್ಲದ ಕಾಲದಲ್ಲಿ ಸಾವಿರ ಓಲೆಗರಿ ಕಟ್ಟು! ಮಕ್ಕಳನ್ನು ಕರೆದೊಯ್ದವರು ಈ ಮಾತನ್ನು ಅಲ್ಲೇ ನಿಂತು ಹೇಳಬೇಕು. ಮುಸುಕಿನ ಬಾವಿಯ ಮೆಟ್ಟಿಲಿಳಿಯುವ ಆಟ ಅವರಿಗೆ ಹೇಗೂ ಹಿಡಿಸುತ್ತದೆ.

ಸಂಜೆ ಪೇಟೆಯಲ್ಲಿ ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿ, ಜೊತೆಗೆ ಗಿರ್ಮಿಟ್. ಹೆಚ್ಚು ಹೇಳಬೇಕಿಲ್ಲ.

ಬಳಿಕ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಬೇಕು. ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010), ಇಬ್ಬರೂ ಕಣ್ಣಿಲ್ಲದವರು, ಕಣ್ಣಿಲ್ಲದ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಟ್ಟ ಜಾಗವಿದು. ಫೋಟೊ ತೆಗೆಯುವ ತಾಣವೆಂದು ಹೋಗದೆ, ಕೇಳಲು ಹೋಗಬೇಕು. ಕಲಿಯುವ ಕೂಸೊಂದು ಅದೇ ಸ್ವರವನ್ನು ಮತ್ತೆ ಮತ್ತೆ ಹಿಡಿಯುವುದನ್ನು ಕೇಳುತ್ತ ಕೂರುವುದಕ್ಕೆ ಸಭಾಂಗಣದ ಕಛೇರಿಯೂ ಸಾಟಿಯಲ್ಲ.

ಮರುದಿನ ಕತ್ತಲಿರುವಾಗಲೇ ಎದ್ದು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೊರಡಬೇಕು. 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಈ ಕೆರೆ ಹಿಂದಿನವರು ಮಳೆನೀರು ನಿಲ್ಲಿಸಲು ಕಟ್ಟಿದ್ದು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಪ್ರತಿ ಚಳಿಗಾಲ ಸಾವಿರಾರು ಸಂಖ್ಯೆಯಲ್ಲಿ ಇಲ್ಲಿಗೆ ಬರುತ್ತವೆ. ನಸುಕಿಗೆ ಸರಿಯಾಗಿ ಕೆರೆ ಸೇರಲು ಸ್ವಂತ ಗಾಡಿಯೋ ಬಾಡಿಗೆ ಕಾರೋ ಇಲ್ಲದವರ ಪಾಡು ಕಷ್ಟ. ಡಿಸೆಂಬರ್, ಜನವರಿಯ ರಜಾದಿನಗಳಲ್ಲಾದರೂ ಗದಗಿನಿಂದ ಮುಂಜಾನೆ ಒಂದು ಬಸ್ ಬಿಟ್ಟು, ಮರಳಿ ಬರುವಾಗ ಲಕ್ಕುಂಡಿ ತೋರಿಸಿದರೆ ಸಾಮಾನ್ಯ ಕುಟುಂಬಗಳೂ ಇದನ್ನೆಲ್ಲ ಕಂಡಾವು. ಇದೇನು ದೊಡ್ಡ ಬೇಡಿಕೆಯಲ್ಲ.

ಹೋದವರು ದಡಕ್ಕೆ ನುಗ್ಗದೆ, ಕೂಗಾಡದೆ ದೂರ ನಿಲ್ಲಬೇಕು. ಈ ಹಕ್ಕಿಗಳು ರಾತ್ರಿಯೆಲ್ಲ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಹಗಲು ನೀರಿನಲ್ಲೇ ವಿಶ್ರಾಂತಿ. ಮೂಡಣ ಕೆಂಪಾಗುವಾಗ ಮೊದಲು ಕೇಳುವುದು ದನಿ, ಆಮೇಲೆ ಕಾಣುವುದು ಸಾಲು. ಬಿಳಿ ತಲೆಯ ಮೇಲಿನ ಎರಡು ಕರಿಪಟ್ಟಿ ಕಣ್ಣಿಗೆ ಬೀಳುವಷ್ಟು ಹತ್ತಿರ ಬಂದು, ಕಾಲು ಮುಂದೆ ಚಾಚಿ, ಒಂದರ ಹಿಂದೊಂದು ನೀರಿಗಿಳಿಯುತ್ತವೆ.