ರಾಣಿ ಜೋಡಿ ಇತ್ತಂತೆ!

ಇಸ್ಪೀಟಿನಲ್ಲಿ ಸೋತವರ ಮಾತನ್ನು ನೀವು ಕಿವಿಗೊಟ್ಟು ಕೇಳಿದ್ದೀರಾ? ಕೆಟ್ಟ ಎಲೆ ಬಂದು ಸೋತವನು ಸುಮ್ಮನೆ ಎದ್ದು, ಕೈಕಾಲು ತೊಳೆದು ಊಟಕ್ಕೆ ಕೂರುತ್ತಾನೆ. ಒಳ್ಳೆಯ ಎಲೆ ಬಂದು ಸೋತವನು ಮಾತ್ರ ಆ ಕತೆಯನ್ನು ಮರುದಿನದ ಕಾಫಿಯವರೆಗೂ ಎಳೆಯುತ್ತಾನೆ. "ರಾಜ ಜೋಡಿ ಇತ್ತು ಮಾರಾಯ್ರೇ, ಹ್ಯಾಗೆ ಬಿಡೋದು?" ಎಂದರೆ ಕೂತವರೆಲ್ಲ ಲೊಚಗುಟ್ಟುತ್ತಾರೆ. ಆ ಲೊಚಗುಟ್ಟುವಿಕೆಯ ಮೇಲೇ ನನ್ನ ತಕರಾರು. ಅವನು ಹೇಳುತ್ತಿರುವುದು ದುರದೃಷ್ಟದ ಕತೆಯಲ್ಲ, ಹತ್ತರಲ್ಲಿ ಏಳೆಂಟು ಸಲ ಅದು ಆಟ ಬಾರದವನ ಕತೆ.

ಶಾಲೆಯ ಟೀಚರಿಗೆ ಜೂಜಿನ ಉಸಾಬರಿ ಏಕೆ ಎಂದು ಹುಬ್ಬೇರಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಮಲೆನಾಡಿನ ಮನೆಯಲ್ಲಿ ಹುಟ್ಟಿದವಳಿಗೆ ಇಸ್ಪೀಟು ಹೊಸದಲ್ಲ. ಮದುವೆಮನೆಯ ಮಹಡಿಯಲ್ಲಿ, ಜಡಿಮಳೆಯ ಮಧ್ಯಾಹ್ನಗಳಲ್ಲಿ ರಮ್ಮಿ ನೋಡುತ್ತಲೇ ಬೆಳೆದವಳು ನಾನು. ಪೋಕರ್ ಕಲಿಸಿದವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ. ಒಂದು ದೀಪಾವಳಿಯ ರಜೆಯಲ್ಲಿ ಹುಣಸೆಬೀಜ ಹಂಚಿಕೊಂಡು ಕೂತೆವು. ಅಂದಿನಿಂದ ಇಂದಿನವರೆಗೆ ಹುಣಸೆಬೀಜಕ್ಕಿಂತ ಬೆಲೆಯುಳ್ಳದ್ದನ್ನು ನಾನು ಪಣಕ್ಕಿಟ್ಟಿಲ್ಲ. ಆಟ ಅರ್ಥವಾಗುವುದಕ್ಕೆ ಬೀಜ ಧಾರಾಳ ಸಾಕು.

ಆಟದ ಪೂರ್ತಿ ಹೆಸರು ಟೆಕ್ಸಾಸ್ ಹೋಲ್ಡೆಮ್. ಅಮೆರಿಕದ ಟೆಕ್ಸಾಸಿನ ರಾಬ್ಸ್‌ಟೌನ್ ಎಂಬ ಊರು ಇದರ ಹುಟ್ಟೂರೆಂದು ಆ ರಾಜ್ಯದ ಶಾಸನಸಭೆಯೇ 2007ರಲ್ಲಿ ಮನ್ನಣೆ ಕೊಟ್ಟಿದೆ. ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡೆರಡು ಎಲೆ. ಆಮೇಲೆ ನಡುವೆ ಎಲ್ಲರಿಗೂ ಕಾಣುವಂತೆ ಮೊದಲು ಮೂರು, ನಂತರ ಒಂದು, ಕೊನೆಗೆ ಇನ್ನೊಂದು. ಈ ಏಳರಲ್ಲಿ ಒಳ್ಳೆಯ ಐದು ಯಾರದೋ ಅವರು ಗೆದ್ದರು. ಪ್ರತಿ ಹಂತದಲ್ಲೂ ಪಣ ಏರಿಸಬಹುದು, ಸರಿಗಟ್ಟಬಹುದು, ಇಲ್ಲವೇ ಎಲೆ ಮಗುಚಿಟ್ಟು ಹಿಂದೆ ಸರಿಯಬಹುದು. 'ನೋ ಲಿಮಿಟ್' ಎಂದರೆ ಯಾವ ಹಂತದಲ್ಲಾದರೂ ಮುಂದಿರುವ ಗಂಟನ್ನೆಲ್ಲ ಒಮ್ಮೆಗೇ ನಡುವೆ ನೂಕಬಹುದು. ಜಗಳದ ಮೂಲ ಇರುವುದೇ ಇಲ್ಲಿ. ಪಣಕ್ಕೆ ಮಿತಿಯಿರುವ ಆಟದಲ್ಲಿ ಒಂದು ಎಲೆಯ ಮೋಹಕ್ಕೆ ಹತ್ತಿಪ್ಪತ್ತು ಬೀಜ ಹೋದೀತು. ಇಲ್ಲಿ ಚೀಲವೇ ಹೋಗುತ್ತದೆ.

ಕೈಗೆ ಬಂದ ಎರಡೂ ಎಲೆ ಒಂದೇ ಆದರೆ ಅದು ಜೋಡಿ. ಹದಿನೇಳು ಸಲಕ್ಕೊಮ್ಮೆ ಯಾವುದಾದರೊಂದು ಜೋಡಿ ಬರುತ್ತದೆ. ಎಕ್ಕದ ಜೋಡಿ ಬರುವುದು 221 ಸಲಕ್ಕೊಮ್ಮೆ. ಅಷ್ಟು ಹೊತ್ತು ಕಾದವನಿಗೆ ಅದು ಬಂದಾಗ ತಲೆ ತಿರುಗುವುದು ಸಹಜ. ಆದರೆ ಒಂದು ಮಾತು ನೆನಪಿಡಬೇಕು. ಎಷ್ಟೇ ದೊಡ್ಡದಾಗಲಿ, ಜೋಡಿ ಜೋಡಿಯೇ. ಈ ಆಟದ ಏಣಿಯಲ್ಲಿ ಅದು ಕೆಳಗಿನಿಂದ ಎರಡನೆಯ ಮೆಟ್ಟಿಲು. ನಡುವೆ ಬೀಳುವ ಮೊದಲ ಮೂರು ಎಲೆಗಳಲ್ಲಿ ಅದಕ್ಕೆ ಮೂರನೆಯ ಸಂಗಾತಿ ಸಿಗುವುದು ನೂರಕ್ಕೆ ಹನ್ನೆರಡು ಸಲ ಮಾತ್ರ. ಉಳಿದ 88 ಸಲ ಅದು ಬಂದ ಹಾಗೆಯೇ ಇರುತ್ತದೆ, ಸುತ್ತಲಿನವರದು ಬೆಳೆಯುತ್ತಿರುತ್ತದೆ. ಎಕ್ಕದ ಜೋಡಿ ಒಬ್ಬನ ಎದುರು ನೂರಕ್ಕೆ 85 ಸಲ ಗೆಲ್ಲುತ್ತದೆ. ಅದೇ ಜೋಡಿ ಕೊನೆಯವರೆಗೂ ಎದ್ದೇಳದ ಒಂಬತ್ತು ಜನರ ಎದುರು ಗೆಲ್ಲುವುದು ನೂರಕ್ಕೆ 31 ಸಲ. ಎಲೆ ಬದಲಾಗಲಿಲ್ಲ, ಸಂದರ್ಭ ಬದಲಾಯಿತು. ಇನ್ನು ರಾಣಿ ಜೋಡಿಯ ಪಾಡು ನೋಡಿ: ಮೊದಲ ಮೂರರಲ್ಲೇ ರಾಜನೋ ಎಕ್ಕವೋ ಬಂದು ಅವಳ ತಲೆಯ ಮೇಲೆ ಕೂರುವುದು ನೂರಕ್ಕೆ 41 ಸಲ. ಗುಲಾಮ ಜೋಡಿಗೆ ಈ ಗತಿ 57 ಸಲ. ಅರ್ಧಕ್ಕಿಂತ ಹೆಚ್ಚು! ಗುಲಾಮನಿಗಾಗಿ ಮನೆ ಅಡವಿಡುವವರು ಈ ಲೆಕ್ಕವನ್ನು ಒಮ್ಮೆ ಬರೆದು ನೋಡಲಿ.

2023ರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಏಳನೇ ತರಗತಿಯಲ್ಲಿ ಕನ್ನಡ ಹೇಳಿಕೊಟ್ಟಿದ್ದೆ. ಸಂಬಳ ಬರುವವರೆಗೆ ಕೈಗಡ ಬೇಕಿತ್ತು. ಫೋನಿನಲ್ಲಿ ಆಡಿ ಕಳೆದದ್ದು, ತಂಗಿಯ ಕಾಲೇಜಿನ ಫೀಸಿಗೆ ಇಟ್ಟ ಹಣವೂ ಅದರಲ್ಲಿ ಸೇರಿತ್ತು. "ಗ್ರಾಚಾರ ಟೀಚರ್, ರಾಣಿ ಜೋಡಿ ಇತ್ತು. ಅದನ್ನ ಬಿಟ್ಟು ಯಾರು ಏಳ್ತಾರೆ ಹೇಳಿ?" ಎಂದ. ನಾನು ಒಳಗಿನಿಂದ ಪ್ಯಾಕು ತಂದು ಮೇಜಿನ ಮೇಲಿಟ್ಟೆ. "ಜೋಡಿಸು, ನೋಡುವಾ" ಎಂದೆ. ಅವನು ನಿರೀಕ್ಷಿಸಿದ್ದು ಬೈಗುಳವನ್ನು. ಸ್ವಲ್ಪ ತಡವರಿಸಿ ಜೋಡಿಸಿದ. ನಡುವೆ ರಾಜ, ಒಂಬತ್ತು, ಎಂಟು. ಆಮೇಲೆ ಮೂರು. ಕೊನೆಗೆ ಎರಡು. ಎದುರಾಳಿ ಎರಡು ಹಂತದಲ್ಲಿ ಇವನ ಪಣವನ್ನು ಸುಮ್ಮನೆ ಸರಿಗಟ್ಟಿದ್ದ. ಕೊನೆಯ ಎಲೆ ಬಿದ್ದಾಗ ನಡುವೆ 20 ಸಾವಿರ ಇತ್ತು, ಎದುರಾಳಿ ತಾನಾಗಿ ಇನ್ನೂ 20 ಸಾವಿರ ಹಾಕಿದ.

"ಅವನು ಅಲ್ಲಿಯವರೆಗೆ ಹೇಗೆ ಆಡ್ತಿದ್ದ?" ಎಂದು ಕೇಳಿದೆ. "ಎರಡು ಗಂಟೆ ಕೂತಿದ್ದ ಟೀಚರ್, ಒಂದು ಸಲಾನೂ ಜೋರು ಮಾಡಿರ್ಲಿಲ್ಲ." ಕೇಳಿದಿರಾ? ಉತ್ತರ ಅವನ ಬಾಯಲ್ಲೇ ಇತ್ತು. ಲೆಕ್ಕ ಐದನೇ ತರಗತಿಯದು: 40 ಸಾವಿರ ಗೆಲ್ಲಲು 20 ಸಾವಿರ ಹಾಕಬೇಕು. ಮೂರು ಸಲಕ್ಕೆ ಒಂದು ಸಲವಾದರೂ ಇವನ ರಾಣಿಯರು ಗೆಲ್ಲುವಂತಿದ್ದರೆ ಹಾಕಬಹುದು, ಇಲ್ಲದಿದ್ದರೆ ಇಲ್ಲ. ಎರಡು ಗಂಟೆ ಬಾಯಿಬಿಡದ ಮನುಷ್ಯ, ರಾಜ ಮೇಲೆ ಕೂತಿರುವಾಗ, 20 ಸಾವಿರ ಹಾಕಿ ಕೂಗಿದರೆ ಅವನ ಕೈಯಲ್ಲಿ ರಾಣಿಗಿಂತ ಕಡಿಮೆಯದು ಏನಿದ್ದೀತು? "ಸುಳ್ಳು ಹಾಕ್ತಿರಬಹುದು ಅಂದ್ಕೊಂಡೆ" ಎಂದ. ಮೂರಕ್ಕೊಂದು ಸಲ ಸುಳ್ಳು ಹಾಕುವ ಆಸಾಮಿಯೇ ಅವನು? ಹುಡುಗ ಮಾತಾಡಲಿಲ್ಲ. ಎದುರಾಳಿಯ ಬಳಿ ಎಂಟರ ಜೋಡಿ ಇತ್ತಂತೆ, ನಡುವಿನದೂ ಸೇರಿ ಮೂರು ಎಂಟು. (ಕೈಗಡ ಕೊಟ್ಟೆನೋ ಇಲ್ಲವೋ ಎಂಬುದು ನಮ್ಮಿಬ್ಬರಲ್ಲೇ ಇರಲಿ.)

ಧರ್ಮರಾಯನನ್ನು ನೆನಪಿಸುವವರಿದ್ದಾರೆ. ಈ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಪಾಪ, ಅವನಿಗೆ ಒಮ್ಮೆಯೂ ಒಳ್ಳೆಯದು ಬೀಳಲಿಲ್ಲ, ದಾಳವೂ ಶಕುನಿಯದೇ. ನಾನು ಹೇಳುತ್ತಿರುವುದು ನಿಜವಾಗಿಯೂ ಒಳ್ಳೆಯ ಎಲೆ ಬಂದವರ ಕತೆ. ಅವರಿಗೆ ಬಂದದ್ದು ಹಕ್ಕಿನಂತೆ ಕಾಣುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ ತೊಂಬತ್ತು ತೆಗೆದ ಮಗು ಮಾರ್ಚಿಯವರೆಗೆ ಪುಸ್ತಕ ಮುಟ್ಟದಿರುವುದನ್ನು ಮೂವತ್ತು ವರ್ಷ ನೋಡಿದ್ದೇನೆ.

ಇದಕ್ಕೆ ಎದುರು ವಾದವಿಲ್ಲವೆಂದಲ್ಲ. ಅಕ್ಕನ ಮಗನೇ ತೆಗೆದ. 2003ರಲ್ಲಿ ಲಾಸ್ ವೇಗಸ್‌ನ ವಿಶ್ವ ಪಂದ್ಯದ ಕೊನೆಯಲ್ಲಿ ಉಳಿದ ಇಬ್ಬರು ಕ್ರಿಸ್ ಮನಿಮೇಕರ್ ಮತ್ತು ಸ್ಯಾಮಿ ಫರ್ಹಾ. ಒಂದು ಆಟದಲ್ಲಿ ಫರ್ಹಾನ ಬಳಿ ಒಂಬತ್ತರ ಜೋಡಿ ಆಗಿತ್ತು, ಮನಿಮೇಕರ್ ಬಳಿ ಒಂಟಿ ರಾಜ ಬಿಟ್ಟರೆ ಏನೂ ಇಲ್ಲ. ಮನಿಮೇಕರ್ ಇದ್ದುದನ್ನೆಲ್ಲ ನೂಕಿದ. ಫರ್ಹಾ ಯೋಚಿಸಿ ಬಿಟ್ಟ. ಆಮೇಲೆ ಮನಿಮೇಕರ್ 25 ಲಕ್ಷ ಡಾಲರ್ ಗೆದ್ದ. "ಬಿಟ್ಟು ಕೆಟ್ಟವರೂ ಇದ್ದಾರೆ ಚಿಕ್ಕಮ್ಮ!" ಇದ್ದಾರೆ, ಒಪ್ಪಿದೆ. ಇಟ್ಟುಕೊಂಡು ಸರಿಯಾಗಿಯೇ ಆಡಿ ಕೆಟ್ಟವರೂ ಇದ್ದಾರೆ. 2010ರ ಅದೇ ಪಂದ್ಯದಲ್ಲಿ ಮ್ಯಾಟ್ ಆಫ್ಲೆಕ್ ಎಕ್ಕದ ಜೋಡಿ ಹಿಡಿದು, ಒಂದೇ ಎಲೆ ಬಾಕಿಯಿರುವಾಗ ಎಲ್ಲವನ್ನೂ ಹಾಕಿದ. ಎದುರಿಗಿದ್ದ ಜೊನಾಥನ್ ಡುಹಾಮೆಲ್ ಬಳಿ ಗುಲಾಮ ಜೋಡಿ. ಆಗ ಆಫ್ಲೆಕ್ ಗೆಲ್ಲುವ ಪಾಲು ನೂರಕ್ಕೆ 77. ಬಿದ್ದದ್ದು ಎಂಟು, ಡುಹಾಮೆಲ್‌ಗೆ ಸಾಲು ಕೂಡಿತು, ಕೊನೆಗೆ ಪಂದ್ಯವೂ ಅವನದೇ ಆಯಿತು. ಆಫ್ಲೆಕ್‌ಗಾಗಿ ನಾನೂ ಲೊಚಗುಟ್ಟುತ್ತೇನೆ. ಅವನಿಗೂ ನನ್ನ ಹುಡುಗನಿಗೂ ಇರುವ ಅಂತರವನ್ನು ಕಾಣಲಾರದವರು 'ಗ್ರಾಚಾರ' ಎಂಬ ಒಂದೇ ಶಬ್ದದಲ್ಲಿ ಇಬ್ಬರನ್ನೂ ಕಟ್ಟಿಹಾಕುತ್ತಾರೆ.

ಹಾಗೆಂದು ಎದುರಿನವನು ಕೆಮ್ಮಿದರೆ ಎಲೆ ಮಗುಚುವ ಪುಕ್ಕಲರ ಪರ ವಕಾಲತ್ತು ನನ್ನದಲ್ಲ. ನಡುವೆ ಇನ್ನೂ ಏನೂ ಬೀಳದಿರುವಾಗ ರಾಜ ಜೋಡಿ ಬಿಡುವವನಿಗೆ ತಲೆ ಸರಿಯಿಲ್ಲ ಎನ್ನಬೇಕು. ಒಂಬತ್ತು ಜನರ ಮೇಜಿನಲ್ಲಿ ಉಳಿದ ಎಂಟು ಜನರಲ್ಲಿ ಯಾರಲ್ಲಾದರೂ ಎಕ್ಕದ ಜೋಡಿ ಇರುವ ಸಂಭವ ಇಪ್ಪತ್ತೈದಕ್ಕೆ ಒಂದು. ಮುಂದಿರುವ ಗಂಟು ಚಿಕ್ಕದಾಗಿದ್ದರೂ ಅಷ್ಟೇ, ಬಿಡಬಾರದು. ಕಳೆದುಕೊಳ್ಳಲು ಹೆಚ್ಚು ಉಳಿದಿಲ್ಲದವನ ಲೆಕ್ಕ ಬೇರೆ. ಎಕ್ಕದ ಜೋಡಿಯನ್ನೇ ಮೊದಲೇ ಬಿಡಬೇಕಾದ ವಿಚಿತ್ರ ಸಂದರ್ಭವೂ ಒಂದಿದೆ. ದೊಡ್ಡ ಪಂದ್ಯಕ್ಕೆ ಪ್ರವೇಶ ಕೊಡುವ ಸಣ್ಣ ಪಂದ್ಯಗಳಲ್ಲಿ ಮೊದಲ ಹತ್ತು ಜನರಿಗೂ ಒಂದೇ ಬಹುಮಾನವೆನ್ನಿ. ಹನ್ನೊಂದು ಜನ ಉಳಿದಿದ್ದಾರೆ, ನಿಮ್ಮ ಗಂಟು ದೊಡ್ಡದಿದೆ, ಆಗ ಇನ್ನೊಬ್ಬ ದೊಡ್ಡ ಗಂಟಿನವನು ಎಲ್ಲವನ್ನೂ ನೂಕುತ್ತಾನೆ. ಗೆದ್ದರೆ ಹೆಚ್ಚೇನೂ ಸಿಗುವುದಿಲ್ಲ, ಸೋತರೆ ಎಲ್ಲ ಹೋಗುತ್ತದೆ. ಬಿಡದೆ ಏನು ಮಾಡುತ್ತೀರಿ? ಮನಿಮೇಕರ್ ವೇಗಸ್ಸಿಗೆ ಬಂದದ್ದೂ 86 ಡಾಲರಿನ ಇಂಥದೇ ಸಣ್ಣ ಪಂದ್ಯದಿಂದ.

ಇನ್ನು 'ಕೌಶಲದ ಆಟ' ಎಂಬ ಘೋಷಣೆ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯ ಬಗ್ಗೆ ತೀರ್ಪು ಕೊಡುವಾಗ, ಯಾವ ಎಲೆ ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಎಂಬುದರಲ್ಲಿ ಚಾತುರ್ಯವಿದೆ ಎಂದಿತು. ಫೋನಿನ ಆಟ ನಡೆಸುತ್ತಿದ್ದವರು ಕೌಶಲವೆಂಬ ಮಾತನ್ನು ಹಿಡಿದು ವರ್ಷಗಟ್ಟಲೆ ಜಾಹೀರಾತು ಕೊಟ್ಟರು. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು 2022ರಲ್ಲಿ ಹೈಕೋರ್ಟು ತಳ್ಳಿಹಾಕಿದಾಗಲೂ ಕೌಶಲದ್ದೇ ಜಯಘೋಷ. ಆದರೆ 'ಬಿಡುವುದು' ಎಂಬ ಅರ್ಧ ಅವರ ಜಾಹೀರಾತಿನಲ್ಲಿ ಎಲ್ಲಿತ್ತು? ಗೆದ್ದು ಕುಣಿಯುವವರನ್ನು ತೋರಿಸಿದರೇ ಹೊರತು ರಾಣಿ ಜೋಡಿ ಮಗುಚಿಟ್ಟು ನೀರು ಕುಡಿಯಲು ಎದ್ದವನನ್ನು ಒಬ್ಬರೂ ತೋರಿಸಲಿಲ್ಲ. ತೋರಿಸುವುದು ಹೇಗೆ? ನಡುವೆ ಹಣ ಬೆಳೆದಷ್ಟೂ ಅದರಿಂದ ಪಾಲು ಮುರಿದುಕೊಳ್ಳುವವರು ಅವರು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನಿನ ಹಣದಾಟವನ್ನೆಲ್ಲ, ಕೌಶಲವಿರಲಿ ಅದೃಷ್ಟವಿರಲಿ, ನಿಷೇಧಿಸುವ ಕಾಯ್ದೆ ಮಾಡಿತು. ನನಗೆ ಸಂತೋಷವೇ. ಆದರೂ ನಮ್ಮೂರ ಮಹಡಿಗಳ ಮೇಜುಗಳಿಗೆ ಆ ಕಾಯ್ದೆಯ ಬಿಸಿ ತಟ್ಟಿದ್ದನ್ನು ನಾನು ಕಂಡಿಲ್ಲ.

ಆ ಹುಡುಗ ಎಲೆ ಜೋಡಿಸಿ ಪ್ಯಾಕಿಗೆ ಹಾಕುತ್ತ ಕೊನೆಗೊಂದು ಪ್ರಶ್ನೆ ಕೇಳಿದ್ದ: "ಬಿಟ್ಟಿದ್ರೆ ಅವನ ಹತ್ರ ಏನಿತ್ತು ಅಂತ ಗೊತ್ತೇ ಆಗ್ತಿರ್ಲಿಲ್ಲ ಅಲ್ವಾ ಟೀಚರ್?" ಗೊತ್ತಾಗುತ್ತಿರಲಿಲ್ಲ. ಎದುರಿನವನು ಬಿಟ್ಟು ಎದ್ದಮೇಲೆ ಗೆದ್ದವನು ಎಲೆ ತೋರಿಸಬೇಕೆಂಬ ನಿಯಮವೇ ಇಲ್ಲ. ಫರ್ಹಾನಿಗೆ ಟಿವಿಯವರು ತೋರಿಸಿದರು, ನಮಗೆ ಯಾರು ತೋರಿಸುತ್ತಾರೆ? ಇಪ್ಪತ್ತು ಸಾವಿರದಲ್ಲಿ ಅವನು ಕೊಂಡದ್ದು ಆ ಎರಡು ಎಂಟುಗಳ ದರ್ಶನ ಮಾತ್ರ. ಹಾಗೆಂದು ಅವನಿಗೆ ಹೇಳಿದೆ. ತಂಗಿಗೆ ಫೀಸು ಕಟ್ಟುವ ಕೊನೆಯ ದಿನ ಯಾವುದೆಂದು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆ.