ಒಂದು ಕಣ್ಣು ಮುಚ್ಚಿ ನೋಡಿದ್ದೀರಾ?



ಗೋಳಗುಮ್ಮಟದ ನಾಲ್ಕು ಮೂಲೆಗಳಲ್ಲಿ ನಾಲ್ಕು ಗೋಪುರಗಳಿವೆ. ಒಂದೊಂದಕ್ಕೂ ಏಳು ಅಂತಸ್ತು. ಮುಂದಿನ ಸಲ ತಿಕೋಟಾದಿಂದಲೋ ಬಬಲೇಶ್ವರದಿಂದಲೋ ವಿಜಯಪುರಕ್ಕೆ ಹೋದಾಗ ಗುಮ್ಮಟದ ಮುಂದೆ ನಿಂತು ಒಂದು ಕೆಲಸ ಮಾಡಿ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಅಂತಸ್ತುಗಳನ್ನು ಎಣಿಸಿ. ಆಮೇಲೆ ಬಲಗಣ್ಣನ್ನು ಮುಚ್ಚಿ ಎಣಿಸಿ. ಒಂದು ಸಲ ಸ್ಪಷ್ಟವಾಗಿ, ಇನ್ನೊಂದು ಸಲ ಮಸುಕಾಗಿ ಕಂಡರೆ ಸುಮ್ಮನಿರಬೇಡಿ. ಮನೆಯಲ್ಲೂ ಶಾಲೆಯಲ್ಲೂ ಹೇಳಿ.

ಎರಡೂ ಕಣ್ಣು ಮಂದವಾದರೆ ಕರಿಹಲಗೆ ಕಾಣುವುದಿಲ್ಲ. ಗುರುಗಳಿಗೆ ಬೇಗ ತಿಳಿಯುತ್ತದೆ. ಒಂದೇ ಕಣ್ಣು ಮಂದವಾದರೆ? ಇನ್ನೊಂದು ಕಣ್ಣು ಎಲ್ಲ ಕೆಲಸವನ್ನೂ ಮಾಡಿಬಿಡುತ್ತದೆ. ಮಗು ಓದುತ್ತದೆ, ಆಡುತ್ತದೆ. ತನ್ನ ಒಂದು ಕಣ್ಣು ಹಿಂದೆ ಬಿದ್ದಿದೆ ಎಂದು ಆ ಮಗುವಿಗೇ ಗೊತ್ತಾಗುವುದಿಲ್ಲ!

ನಾವು ನೋಡುವುದು ಕಣ್ಣಿನಿಂದ ಮಾತ್ರವಲ್ಲ, ಮಿದುಳಿನಿಂದ ಕೂಡ. ಒಂದು ಕಣ್ಣಿನಿಂದ ಸ್ಪಷ್ಟ ಚಿತ್ರ, ಇನ್ನೊಂದರಿಂದ ಮಸುಕು ಚಿತ್ರ ಬಂದರೆ ಎಳೆಯ ಮಿದುಳು ಮಸುಕಾದುದನ್ನು ಕೈಬಿಡುತ್ತದೆ. ಬಹಳ ಕಾಲ ಹೀಗೇ ನಡೆದರೆ ಆ ಕಣ್ಣಿನಿಂದ ನೋಡುವುದನ್ನು ಮಿದುಳು ಕಲಿಯುವುದೇ ಇಲ್ಲ. ಇದಕ್ಕೆ ‘ಸೋಮಾರಿ ಕಣ್ಣು’ ಎನ್ನುತ್ತಾರೆ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲಕಾಲ ಮುಚ್ಚಿಟ್ಟು, ಮಿದುಳಿನಲ್ಲಿ ಆಗುವ ಬದಲಾವಣೆಯನ್ನು ಕಂಡರು. ದೃಷ್ಟಿಯ ಕುರಿತ ಸಂಶೋಧನೆಗಾಗಿ ಅವರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಇದಕ್ಕೆ ಮೊದಲ ಮದ್ದು ಕನ್ನಡಕ. ಅದು ಸಾಲದಿದ್ದರೆ, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಹಾಕಿ ಸೋಮಾರಿ ಕಣ್ಣಿಗೆ ಕೆಲಸ ಕೊಡುತ್ತಾರೆ. ಆದರೆ ಎರಡು ಕಣ್ಣುಗಳ ನಡುವೆ ಬಹಳ ದೊಡ್ಡ ವ್ಯತ್ಯಾಸವಿದ್ದರೆ ಕನ್ನಡಕದ ಒಂದು ಗಾಜು ದಪ್ಪ, ಇನ್ನೊಂದು ತೆಳು ಆಗುತ್ತದೆ. ಎರಡು ಚಿತ್ರಗಳ ಗಾತ್ರವೂ ಬೇರೆ ಬೇರೆಯಾಗಿ ಕಾಣಬಹುದು. ಆಗ ಕಣ್ಣಿನ ಮೇಲೇ ಇಡುವ ಕಾಂಟ್ಯಾಕ್ಟ್ ಲೆನ್ಸ್ ಕೊಡುತ್ತಾರೆ. ಅದನ್ನೂ ಸಹಿಸಲಾಗದ ಕೆಲವೇ ಮಕ್ಕಳಿಗೆ ವೈದ್ಯರು ಕಣ್ಣಿನೊಳಗೇ ಪುಟ್ಟ ಮಸೂರವೊಂದನ್ನು ಕೂರಿಸುವುದುಂಟು. ಕಣ್ಣಿನ ಸ್ವಂತ ಮಸೂರವನ್ನು ತೆಗೆಯದೆ, ಅದರ ಮುಂದೆ ಇದನ್ನು ಇಡುತ್ತಾರೆ.

ಕಣ್ಣಿನೊಳಗೆ ಮಸೂರ ಇಡುವ ಯೋಚನೆ ಬಂದದ್ದು ಹೇಗೆ ಗೊತ್ತೇ? ಎರಡನೆಯ ಮಹಾಯುದ್ಧದಲ್ಲಿ ಕೆಲವು ವಿಮಾನ ಚಾಲಕರ ಕಣ್ಣಿಗೆ ವಿಮಾನದ ಪ್ಲಾಸ್ಟಿಕ್ ಚೂರುಗಳು ಹೊಕ್ಕಿದ್ದವು. ಕಣ್ಣು ಆ ಚೂರುಗಳನ್ನು ಸಹಿಸಿಕೊಂಡದ್ದನ್ನು ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲೆ ಗಮನಿಸಿದರು. 1949ರ ನವೆಂಬರ್ 29ರಂದು ಕಣ್ಣಿನ ಪೊರೆಯ ರೋಗಿಯೊಬ್ಬರಿಗೆ ಮೊದಲ ಬಾರಿಗೆ ಪ್ಲಾಸ್ಟಿಕ್ ಮಸೂರ ಇಟ್ಟರು.

‘ಹಾಗಾದರೆ ಪಟ್ಟಿಯ ರಗಳೆ ಯಾಕೆ? ಎಲ್ಲರಿಗೂ ಮಸೂರವನ್ನೇ ಇಡಬಹುದಲ್ಲ’ ಎಂದು ನೀವು ಕೇಳಬಹುದು. ನನ್ನ ಉತ್ತರ: ಬೇಡ. ಮಸೂರ ಚಿತ್ರವನ್ನು ಸ್ಪಷ್ಟ ಮಾಡುತ್ತದೆ, ಅಷ್ಟೇ. ನೋಡಲು ಕಲಿಯಬೇಕಾದದ್ದು ಮಿದುಳು. ಅದಕ್ಕೆ ಶಸ್ತ್ರಚಿಕಿತ್ಸೆಯ ನಂತರವೂ ಪಟ್ಟಿ ಬೇಕಾಗುತ್ತದೆ. ಜೊತೆಗೆ ಪೊರೆ ಬರುವ, ಕಣ್ಣಿನ ಒತ್ತಡ ಏರುವ ಅಪಾಯವೂ ಉಂಟು. ವರ್ಷ ವರ್ಷವೂ ತಪಾಸಣೆ ತಪ್ಪಿಸುವಂತಿಲ್ಲ. ಬೇರೆ ದಾರಿಗಳು ಮುಗಿದ ಮಗುವಿಗೆ ಅದು ವರ. ಉಳಿದವರಿಗೆ ಕನ್ನಡಕ, ಪಟ್ಟಿ ಮತ್ತು ತಾಳ್ಮೆಯೇ ಸರಿ.

‘ಒಂದ್ ಕಣ್ಣ ಛಲೋ ಐತಿ, ಸಾಕ್ ಬಿಡು’ ಎನ್ನುವ ಹಿರಿಯರೂ ಇದ್ದಾರೆ. ಅವರಿಗೆ ನೀವು ಮೆಲ್ಲಗೆ ಕೇಳಿ: ಆ ಛಲೋ ಕಣ್ಣಿಗೆ ನಾಳೆ ಜಾಲಿ ಮುಳ್ಳೋ ಚಿನ್ನಿಯೋ ಬಡಿದರೆ ಗತಿಯೇನು?

ಕಾಲ ಇಲ್ಲಿ ಬಹಳ ಮುಖ್ಯ. ಏಳು ವರ್ಷದೊಳಗೆ ಚಿಕಿತ್ಸೆ ಆದರೆ ಫಲ ಹೆಚ್ಚು. ಆದರೆ ಆಮೇಲೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಅಮೆರಿಕದಲ್ಲಿ 507 ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕನ್ನಡಕದ ಜೊತೆಗೆ ಪಟ್ಟಿ ಮತ್ತು ಕಣ್ಣಿನ ಹನಿ ಪಡೆದ 7ರಿಂದ 12 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ದೃಷ್ಟಿ ಸುಧಾರಿಸಿತು. ಅಂದರೆ ನಿಮ್ಮ ವಯಸ್ಸಿಗೂ ಅವಕಾಶವಿದೆ. ಅಂಗನವಾಡಿಗೆ ಹೋಗುವ ನಿಮ್ಮ ತಮ್ಮ, ತಂಗಿಗೆ ಇನ್ನೂ ಹೆಚ್ಚು ಅವಕಾಶವಿದೆ.

1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಕಣ್ಣಿನ ಪೊರೆ ತೆಗೆದರು. ಬೀಳಗಿ ಆಗ ನಮ್ಮ ಜಿಲ್ಲೆಯಲ್ಲೇ ಇತ್ತು. ಅಂದು ಶಸ್ತ್ರಚಿಕಿತ್ಸೆಯೇ ಊರಿಗೆ ಬಂದಿತ್ತು. ಇಂದು ಸೋಮಾರಿ ಕಣ್ಣಿನ ತಪಾಸಣೆ ತರಗತಿಗೇ ಬರಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ನಿಮ್ಮ ಶಾಲೆಗೆ ಬಂದಾಗ, ‘ಒಂದೊಂದೇ ಕಣ್ಣನ್ನು ಪರೀಕ್ಷಿಸಿ ಸರ್’ ಎಂದು ನೀವೇ ಕೇಳಿ. ಕೇಳುವುದು ತಪ್ಪಲ್ಲ.

ಇನ್ನೊಂದು ಮಾತು. ನಿಮ್ಮ ತರಗತಿಗೆ ಪಟ್ಟಿ ಹಾಕಿಕೊಂಡು ಬಂದ ಗೆಳತಿಯನ್ನು ‘ಒಕ್ಕಣ್ಣಿ’ ಎಂದು ಕರೆದರೆ ಅವಳು ಮರುದಿನ ಪಟ್ಟಿ ಕಿತ್ತೆಸೆಯಬಹುದು. ಆಗ ಕಳೆದುಹೋಗುವುದು ಅವಳ ಕಣ್ಣು. ಅವಳ ಪಕ್ಕದಲ್ಲಿ ಕುಳಿತುಕೊಳ್ಳಿ. ಹಲಗೆಯ ಮೇಲಿನದು ಕಾಣದಿದ್ದರೆ ಓದಿ ಹೇಳಿ. ವೈದ್ಯರು ಮಾಡಲಾಗದ ಈ ಚಿಕಿತ್ಸೆಯನ್ನು ನೀವು ಮಾಡಬಲ್ಲಿರಿ.

ಗುಮ್ಮಟಕ್ಕೆ ಹೋಗುವವರೆಗೂ ಕಾಯಬೇಡಿ. ನಾಳೆಯೇ ಹಿಂದಿನ ಸಾಲಿನಲ್ಲಿ ನಿಂತು, ಕಣ್ಣನ್ನು ಒತ್ತದೆ ಅಂಗೈಯಿಂದ ಮುಚ್ಚಿ, ಕರಿಹಲಗೆ ನೋಡಿ. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಏನು ಕಂಡಿತು?