ಕಥೆಗೆ ಬೀಗದ ಕೈ ಬೇಕೆ?

1925ರಿಂದ 1959ರವರೆಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ, ಹಳೆಯ ಇಂಗ್ಲಿಷಿನ ಮಹಾಪಂಡಿತ ಜೆ. ಆರ್. ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಅದ್ಭುತ ಮಹಾಕಥೆಯು 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಈ ಗ್ರಂಥಕ್ಕೆ ದೊರೆತ ಓದುಗರು ಓದಿ ಮುಗಿಸಿ ಸುಮ್ಮನಾಗುವ ಜಾತಿಯವರಲ್ಲ. ಟೋಲ್ಕಿನ್ ಮತ್ತು ಅವರ ಮಿತ್ರರ ಗ್ರಂಥಗಳ ವಿಚಾರಕ್ಕಾಗಿ 1967ರಲ್ಲಿ ಅಮೆರಿಕದಲ್ಲಿ ಮಿಥೊಪೀಯಿಕ್ ಸೊಸೈಟಿಯೂ, 1969ರಲ್ಲಿ ಇಂಗ್ಲೆಂಡಿನಲ್ಲಿ ಟೋಲ್ಕಿನ್ ಸೊಸೈಟಿಯೂ ಹುಟ್ಟಿಕೊಂಡವು. ಕಥೆಯಲ್ಲಿ ಉಂಗುರವು ಬೆಂಕಿಗೆ ಬಿದ್ದ ದಿನ ಮಾರ್ಚ್ 25. ಆ ದಿನವನ್ನು 2003ರಿಂದ ಓದಿನ ದಿನವೆಂದು ಗೊತ್ತುಮಾಡಿ, ವರ್ಷಕ್ಕೊಂದು ವಿಷಯವನ್ನು ಆರಿಸಿಕೊಂಡು, ಅಭಿಮಾನಿಗಳು ಅಲ್ಲಲ್ಲಿ ಕೂಡಿ ಓದುವ ಪದ್ಧತಿಯೂ ಬಂದಿದೆ. ದುಷ್ಟತನದ ಮೂಲವೆಲ್ಲಿ, ಸಾವು ಮನುಷ್ಯನಿಗೆ ಶಾಪವೋ ವರವೋ, ಕರುಣೆಗೆ ಲೋಕದಲ್ಲಿ ಬಲವುಂಟೋ ಇಲ್ಲವೋ ಎಂಬಂಥ ಪ್ರಶ್ನೆಗಳು ಅವರ ಕೂಟಗಳಲ್ಲಿ ಮತ್ತೆ ಮತ್ತೆ ಏಳುತ್ತವೆ.

ಈ ಚರ್ಚೆಯನ್ನು ಕಂಡು ನಗುವವರುಂಟು. ಮಕ್ಕಳ ಕಥೆಯಲ್ಲಿ ಇಷ್ಟೆಲ್ಲ ಆಳವನ್ನು ಅರಸುವುದು ಬಾವಿಯಿಲ್ಲದ ಕಡೆ ಹಗ್ಗ ಇಳಿಬಿಟ್ಟಂತೆ ಎಂಬುದು ಅವರ ಅಭಿಪ್ರಾಯ. ಅಮೆರಿಕದ ಪ್ರಸಿದ್ಧ ವಿಮರ್ಶಕ ಎಡ್ಮಂಡ್ ವಿಲ್ಸನ್ 1956ರಲ್ಲಿಯೇ ‘ದಿ ನೇಷನ್’ ಪತ್ರಿಕೆಯಲ್ಲಿ ಈ ಗ್ರಂಥವನ್ನು ಹಿಡಿತ ತಪ್ಪಿ ಬೆಳೆದ ಮಕ್ಕಳ ಪುಸ್ತಕವೆಂದು ಹಳಿದನು. ಇನ್ನೊಂದು ಪಕ್ಷದವರು ಅಭಿಮಾನಿಗಳೊಳಗೇ ಇದ್ದಾರೆ. ಗ್ರಂಥವನ್ನು ಎತ್ತಿಹಿಡಿಯುವ ಉತ್ಸಾಹದಲ್ಲಿ ಅವರು, ಇದು ಬರಿಯ ಕಥೆಯಲ್ಲ, ಉಂಗುರವೆಂದರೆ ಪರಮಾಣು ಬಾಂಬು, ಸೌರಾನನೆಂದರೆ ಹಿಟ್ಲರ್ ಇಲ್ಲವೆ ಸ್ಟಾಲಿನ್, ಪೂರ್ವದ ಕತ್ತಲೆಯ ನಾಡೆಂದರೆ ರಷ್ಯ ಎಂದು ಪಟ್ಟಿ ಒಪ್ಪಿಸುತ್ತಾರೆ. ಒಬ್ಬರು ನಿಂದಿಸುವವರು, ಇನ್ನೊಬ್ಬರು ಹೊಗಳುವವರು. ಆದರೂ ಇಬ್ಬರ ನಂಬಿಕೆ ಒಂದೇ. ಕಥೆ ತನ್ನಷ್ಟಕ್ಕೆ ತಾನು ಏನೂ ಅಲ್ಲವೆಂದು ಇಬ್ಬರೂ ಎಣಿಸಿದ್ದಾರೆ. ಒಳಗೆ ಬೇರೇನೂ ಇಲ್ಲವಾದ್ದರಿಂದ ಎಸೆಯಿರಿ ಎನ್ನುವವನು ಒಬ್ಬ; ಒಳಗೆ ಬೇರೆಯದು ಇರುವುದರಿಂದ ಇಟ್ಟುಕೊಳ್ಳಿರಿ ಎನ್ನುವವನು ಮತ್ತೊಬ್ಬ. ಇವರಲ್ಲಿ ಎರಡನೆಯವನಿಂದಲೇ ಗ್ರಂಥಕ್ಕೆ ಹೆಚ್ಚಿನ ಅಪಾಯ. ಏಕೆಂದರೆ ಅವನು ಮಿತ್ರನ ವೇಷದಲ್ಲಿ ಬರುತ್ತಾನೆ.

ಮೊದಲು ಕಾಲಗಣನೆಯನ್ನೇ ನೋಡಬಹುದು. ಟೋಲ್ಕಿನ್ ಈ ಗ್ರಂಥವನ್ನು ಬರೆಯತೊಡಗಿದ್ದು 1937ರ ಡಿಸೆಂಬರಿನಲ್ಲಿ. ಉಂಗುರದ ಇತಿಹಾಸವನ್ನೂ, ಅದನ್ನು ಹುಟ್ಟಿದ ಬೆಂಕಿಯಲ್ಲಿಯೇ ನಾಶಮಾಡಬೇಕೆಂಬ ನಿಶ್ಚಯವನ್ನೂ ಹೇಳುವ ಅಧ್ಯಾಯವು ಗ್ರಂಥದ ಅತ್ಯಂತ ಹಳೆಯ ಭಾಗಗಳಲ್ಲೊಂದು. 1939ರ ಯುದ್ಧದ ಸುಳಿವು ಕಾಣುವುದಕ್ಕೆ ಬಹಳ ಮೊದಲೇ ಅದು ರೂಪುಗೊಂಡಿತ್ತೆಂದು ಅವರೇ ತಿಳಿಸಿದ್ದಾರೆ. ಪರಮಾಣು ಬಾಂಬು ಬಿದ್ದದ್ದು 1945ರ ಆಗಸ್ಟಿನಲ್ಲಿ. ಎರಡನೆಯ ಆವೃತ್ತಿಗಾಗಿ ಬರೆದ ಮುನ್ನುಡಿಯಲ್ಲಿ ಟೋಲ್ಕಿನ್ ಈ ವಾದಕ್ಕೆ ಕೊಟ್ಟ ಉತ್ತರವು ಇನ್ನೂ ಹರಿತವಾದದ್ದು. ಕಥೆಯು ಆ ಮಹಾಯುದ್ಧದ ಪ್ರತಿಬಿಂಬವಾಗಿದ್ದರೆ ಉಂಗುರವನ್ನು ಯಾರೂ ನಾಶಮಾಡುತ್ತಿರಲಿಲ್ಲ, ವಶಪಡಿಸಿಕೊಂಡು ಸೌರಾನನ ಮೇಲೆಯೇ ಪ್ರಯೋಗಿಸುತ್ತಿದ್ದರು. ಸೌರಾನನು ನಾಶವಾಗುವುದಕ್ಕೆ ಬದಲಾಗಿ ದಾಸನಾಗುತ್ತಿದ್ದನು. ಸರುಮಾನನು ತನಗೂ ಒಂದು ಉಂಗುರವನ್ನು ಮಾಡಿಕೊಳ್ಳುತ್ತಿದ್ದನು ಎಂಬುದು ಅದರ ಸಾರಾಂಶ. ನಿಜವಾದ ಲೋಕದಲ್ಲಿ ಉಂಗುರವನ್ನು ಬೆಂಕಿಗೆ ಹಾಕಿದವರಿಲ್ಲ; ಈ ಒಂದು ಸಂಗತಿಯೇ ಬೀಗದ ಕೈಯನ್ನು ಮುರಿಯುವುದಕ್ಕೆ ಸಾಕು.

ಹಾಗಾದರೆ 1916ರಲ್ಲಿ ಸೊಮ್ ನದಿಯ ಕದನದಲ್ಲಿದ್ದ, ಆಪ್ತಮಿತ್ರರನ್ನು ಯುದ್ಧದಲ್ಲಿ ಕಳೆದುಕೊಂಡ ಮನುಷ್ಯನ ಗ್ರಂಥಕ್ಕೆ ಅವನ ಜೀವನದ ಸೋಂಕೇ ಇಲ್ಲವೇ ಎಂದು ಆಕ್ಷೇಪಿಸಬಹುದು. ಸೋಂಕು ಇಲ್ಲದೆ ಇಲ್ಲ. ಸತ್ತವರ ಮುಖಗಳು ನೀರಿನಡಿಯಲ್ಲಿ ಕಾಣುವ ಜವುಗುನೆಲದ ವರ್ಣನೆಗೆ, ಕದನದ ಅನಂತರದ ಉತ್ತರ ಫ್ರಾನ್ಸಿನ ನೋಟವು ಕೊಂಚಮಟ್ಟಿಗೆ ಕಾರಣವಾಗಿರಬಹುದೆಂದು 1960ರ ಪತ್ರವೊಂದರಲ್ಲಿ ಅವರು ಒಪ್ಪಿಕೊಂಡಿದ್ದಾರೆ. ಆದರೆ ಮೂಲ ಬೇರೆ, ಅರ್ಥ ಬೇರೆ. ಈ ಭೇದವನ್ನು ಟೋಲ್ಕಿನ್ 1936ರಲ್ಲಿಯೇ, ‘ಬೇವುಲ್ಫ್’ ಎಂಬ ಪ್ರಾಚೀನ ಕಾವ್ಯವನ್ನು ಕುರಿತ ಉಪನ್ಯಾಸದಲ್ಲಿ, ಒಂದು ದೃಷ್ಟಾಂತದಿಂದ ತೋರಿಸಿದ್ದರು. ಒಬ್ಬನು ಹಳೆಯ ಕಟ್ಟಡದ ಕಲ್ಲುಗಳಿಂದ ಒಂದು ಗೋಪುರವನ್ನು ಕಟ್ಟಿದನು. ಅವನ ಸ್ನೇಹಿತರು ಕಲ್ಲುಗಳು ಎಲ್ಲಿಂದ ಬಂದವೆಂದು ತಿಳಿಯುವುದಕ್ಕಾಗಿ ಗೋಪುರವನ್ನೇ ಕೆಡವಿದರು. ಅದರ ಮೇಲೆ ನಿಂತು ಅವನು ಸಮುದ್ರವನ್ನು ನೋಡುತ್ತಿದ್ದನೆಂಬುದು ಅವರಿಗೆ ಹೊಳೆಯಲೇ ಇಲ್ಲ. ಉಂಗುರದ ಪಟ್ಟಿ ಬರೆಯುವ ಅಭಿಮಾನಿಯು ಆ ಸ್ನೇಹಿತರ ಸಂತತಿಯವನೇ ಸರಿ.

ಸಂಸ್ಕೃತ ಕಾವ್ಯಮೀಮಾಂಸೆಯ ಪರಿಚಯವಿರುವವರಿಗೆ ಈ ವಿವೇಚನೆ ಹೊಸದಾಗಿ ತೋರದು. ಒಗಟನ್ನು ಬಿಡಿಸಿದ ಮೇಲೆ ಅದರ ಮಾತುಗಳಿಂದ ಪ್ರಯೋಜನವಿಲ್ಲ. ಧ್ವನಿಯ ರೀತಿ ಹಾಗಲ್ಲ. ಬೆಳಕನ್ನು ಬಯಸುವವನು ದೀಪದ ಕುಡಿಯನ್ನು ಜೋಪಾನಮಾಡುವಂತೆ, ವ್ಯಂಗ್ಯಾರ್ಥವನ್ನು ಬಯಸುವವನು ವಾಚ್ಯಾರ್ಥವನ್ನು ಆದರಿಸಬೇಕೆಂಬುದು ಒಂಬತ್ತನೆಯ ಶತಮಾನದ ಆನಂದವರ್ಧನನ ಅಭಿಪ್ರಾಯ. ಟೋಲ್ಕಿನ್ ತಮ್ಮ ಮುನ್ನುಡಿಯಲ್ಲಿ ಸಾಂಕೇತಿಕ ಕಥೆಯನ್ನು ಬೇಡವೆಂದು, ಓದುಗನು ತನ್ನ ಅನುಭವಕ್ಕೆ ಅನ್ವಯಿಸಿಕೊಳ್ಳುವ ಸ್ವಾತಂತ್ರ್ಯವನ್ನು ಮೆಚ್ಚುತ್ತಾರೆ. ಮೊದಲನೆಯದರಲ್ಲಿ ಗ್ರಂಥಕರ್ತನ ದೊರೆತನವೂ ಎರಡನೆಯದರಲ್ಲಿ ಓದುಗನ ಸ್ವಾತಂತ್ರ್ಯವೂ ಇವೆಯೆಂಬುದು ಅವರ ಮತ. ಈ ಎರಡು ಮತಗಳೂ ಪೂರ್ತಿಯಾಗಿ ಒಂದೇ ಅಲ್ಲ. ಆದರೆ ದೀಪವನ್ನು ಆರಿಸಿ ಬೆಳಕನ್ನು ಹುಡುಕಬಾರದೆಂಬ ಮಟ್ಟಿಗೆ ಎರಡಕ್ಕೂ ಒಮ್ಮತವುಂಟು. ಕನ್ನಡ ನಾಡಿನಲ್ಲಿ ಗಮಕಿಗಳು ಕುಮಾರವ್ಯಾಸನನ್ನು ಓದುವಾಗ ಕೇಳಿದವರು ಕರ್ಣನು ಯಾವ ತತ್ತ್ವದ ಸಂಕೇತವೆಂದು ಕೇಳಿ ಎದ್ದುಹೋಗುವುದಿಲ್ಲ. ಕರ್ಣನು ಮಾಡಿದ್ದು ಸರಿಯೇ ಎಂದು ವಾದಿಸುತ್ತಾರೆ. ಕುರುಕ್ಷೇತ್ರವೆಂದರೆ ದೇಹ, ಕೌರವರೆಂದರೆ ದುರ್ಗುಣಗಳು ಎಂದು ಯಾರಾದರೂ ತೀರ್ಮಾನಿಸಿಬಿಟ್ಟರೆ ಕರ್ಣನ ಸಂಕಟಕ್ಕೆ ಅಲ್ಲಿ ಸ್ಥಳವೇ ಉಳಿಯುವುದಿಲ್ಲ.

ಒಳ್ಳೆಯ ಚರ್ಚೆ ಎಂಥದೆಂಬುದಕ್ಕೆ ಕಥೆಯ ಕೊನೆಯೇ ಉದಾಹರಣೆ. ಉಂಗುರವು ಧರಿಸಿದವನಿಗೆ ಇತರರ ಮೇಲೆ ಒಡೆತನವನ್ನು ಕೊಟ್ಟು ಅವನನ್ನೇ ಕೆಡಿಸತಕ್ಕದ್ದು. ಅದನ್ನು ನಾಶಮಾಡುವ ಹೊರೆ ಬೀಳುವುದು ಬೇಸಾಯ, ಊಟ, ಹರಟೆಗಳಲ್ಲಿ ಸುಖವಾಗಿರುವ ಹಾಬಿಟ್ ಎಂಬ ಗಿಡ್ಡಜನರಲ್ಲಿ ಒಬ್ಬನಾದ ಫ್ರೋಡೊವಿನ ಮೇಲೆ. ಹಿಂದೊಮ್ಮೆ ಅವನ ಬಂಧು ಬಿಲ್ಬೊ, ಉಂಗುರಕ್ಕಾಗಿ ಹಲುಬುವ ಗೊಲ್ಲಮ್ ಎಂಬ ಹೀನಜೀವಿಯನ್ನು ಕೊಲ್ಲಬಹುದಾಗಿದ್ದರೂ ಕನಿಕರದಿಂದ ಬಿಟ್ಟಿದ್ದನು. ಅವನನ್ನು ಆಗಲೇ ಕೊಲ್ಲಬೇಕಾಗಿತ್ತೆಂದು ಮೊದಲು ಹೇಳಿದ ಫ್ರೋಡೊ, ಅವನನ್ನು ಕಣ್ಣಾರೆ ಕಂಡ ಮೇಲೆ ತಾನೂ ಬಿಡುತ್ತಾನೆ. ಕಡೆಗೆ ಬೆಂಕಿಯ ಬಿರುಕಿನ ಅಂಚಿನಲ್ಲಿ ನಿಂತಾಗ ಫ್ರೋಡೊವಿನ ಸಂಕಲ್ಪ ಮುರಿಯುತ್ತದೆ. ಉಂಗುರ ತನ್ನದೆಂದು ಸಾರಿ ಅದನ್ನು ಬೆರಳಿಗೆ ಹಾಕಿಕೊಳ್ಳುತ್ತಾನೆ. ಗೊಲ್ಲಮನು ಆ ಬೆರಳನ್ನೇ ಕಚ್ಚಿ ಕಿತ್ತು, ಆನಂದದಿಂದ ಕುಣಿದು, ಜಾರಿ, ಉಂಗುರದೊಡನೆ ಬೆಂಕಿಗೆ ಬೀಳುತ್ತಾನೆ. ಲೋಕ ಉಳಿಯಿತು, ಆದರೆ ಉಳಿಸಬೇಕಾದವನು ಸೋತನು.

ಫ್ರೋಡೊ ವೀರನೇ, ಅಲ್ಲವೇ? ಗ್ರಂಥ ಪ್ರಕಟವಾದಾಗಿನಿಂದ ಓದುಗರು ಇದನ್ನು ಕೇಳುತ್ತ ಬಂದಿದ್ದಾರೆ; ಗ್ರಂಥಕರ್ತರನ್ನೂ ಕೇಳಿದರು. ಅವನದು ನೈತಿಕವಾದ ಸೋಲಲ್ಲ, ಆ ಸ್ಥಳದಲ್ಲಿ ಆ ಒತ್ತಡವನ್ನು ತಡೆಯುವುದು ಯಾರಿಗೂ ಸಾಧ್ಯವಿರಲಿಲ್ಲ, ತನ್ನಲ್ಲಿದ್ದ ಶಕ್ತಿಯನ್ನೆಲ್ಲ ಅವನು ವೆಚ್ಚಮಾಡಿದ್ದನು, ಅವನು ತೋರಿದ ಕರುಣೆಯೇ ಕೆಲಸವನ್ನು ಪೂರೈಸುವ ಸಂದರ್ಭವನ್ನು ತಂದಿತು ಎಂಬ ಭಾವದ ಉತ್ತರ 1963ರ ಪತ್ರದ ಕರಡಿನಲ್ಲಿದೆ. ಇದನ್ನು ಒಪ್ಪದವರೂ ಇರಬಹುದು. ಶಕ್ತಿಮೀರಿದ ಕರ್ತವ್ಯವನ್ನು ಹೊತ್ತವನು ಅಂತ್ಯದಲ್ಲಿ ಕುಸಿದರೆ ಅವನಿಗೆ ಸಲ್ಲುವುದು ಗೌರವವೋ ಕ್ಷಮೆಯೋ ಎಂಬುದು ಅಷ್ಟು ಸುಲಭವಾಗಿ ತೀರುವ ಪ್ರಶ್ನೆಯಲ್ಲ. ಊರಿಗೆ ಮರಳಿದ ಫ್ರೋಡೊವಿನ ಗಾಯ ಮಾಯುವುದಿಲ್ಲ. ತಾನು ಉಳಿಸಿದ ನಾಡಿನಲ್ಲಿ ತಾನು ಬಾಳಲಾರದೆ ಕಡಲಾಚೆಗೆ ಹೊರಟುಹೋಗುತ್ತಾನೆ. ಇಲ್ಲಿ ಉಂಗುರವು ಬಾಂಬು ಎನ್ನುವವರನ್ನು, ಹಾಗಾದರೆ ಬೆರಳು ಕಳೆದುಕೊಂಡವನು ಯಾರು, ಕನಿಕರಕ್ಕೆ ಪಾತ್ರನಾದ ಗೊಲ್ಲಮನು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಕಥೆಯ ಹೃದಯವೆಲ್ಲಿದೆಯೋ ಅಲ್ಲಿಯೇ ಅವರ ಪಟ್ಟಿ ಬರಿದಾಗಿರುತ್ತದೆ.

ಅಭಿಮಾನಿಗಳಲ್ಲಿ ಇನ್ನೊಂದು ದೋಷವುಂಟು. 1981ರಲ್ಲಿ ಟೋಲ್ಕಿನ್ನರ ಪತ್ರಗಳು ಅಚ್ಚಾದ ಮೇಲೆ, ಯಾವ ಪ್ರಶ್ನೆ ಎದ್ದರೂ ಇಂಥ ಪತ್ರದಲ್ಲಿ ಹೀಗಿದೆ, ಮಾತು ಮುಗಿಯಿತು ಎಂದು ತೀರ್ಪು ಹೇಳುವವರು ಹೆಚ್ಚಿದರು. ಸೌರಾನನ ಸೈನಿಕರಾದ ಓರ್ಕ್ ಎಂಬ ಕ್ರೂರಜನರ ವಿಷಯದಲ್ಲಿ ಈ ನ್ಯಾಯಾಲಯ ಹೇಗೆ ನಡೆಯುವುದೋ ನೋಡಬೇಕು. 1954ರಲ್ಲಿ ಆಕ್ಸ್‌ಫರ್ಡಿನ ಪುಸ್ತಕವ್ಯಾಪಾರಿಯೊಬ್ಬರು, ದುಷ್ಟಶಕ್ತಿಗೆ ಕೆಡಿಸುವುದು ಸಾಧ್ಯವೇ ಹೊರತು ಸೃಷ್ಟಿಸುವುದು ಸಾಧ್ಯವೇ ಎಂಬ ಆಕ್ಷೇಪವನ್ನು ಗ್ರಂಥಕರ್ತರಿಗೆ ಬರೆದರು. ಓರ್ಕರನ್ನು ಕತ್ತಲೆಯ ಒಡೆಯನು ಸೃಷ್ಟಿಸಿದನೆಂದು ಕಥೆಯಲ್ಲಿ ಹೇಳುವವನು ಟ್ರೀಬಿಯರ್ಡ್ ಎಂಬ ಪಾತ್ರ. ಅವನಿಗೆ ಎಲ್ಲವೂ ತಿಳಿದಿಲ್ಲ ಎಂದು ಟೋಲ್ಕಿನ್ ಸಮಾಧಾನ ಹೇಳಹೊರಟು ದೀರ್ಘವಾದ ಕರಡನ್ನು ಬರೆದರು. ಬರೆದ ಮೇಲೆ, ಇದು ತನ್ನನ್ನು ತಾನೇ ಅತಿಯಾಗಿ ದೊಡ್ಡದುಮಾಡಿಕೊಂಡಂತಾಯಿತೆಂದು ಅದನ್ನು ಕಳುಹಿಸದೆ ಬಿಟ್ಟರು. 1993ರಲ್ಲಿ ಅವರ ಮಗ ಕ್ರಿಸ್ಟೋಫರ್ ಪ್ರಕಟಿಸಿದ ಟಿಪ್ಪಣಿಗಳಲ್ಲಿ ಓರ್ಕರ ಮೂಲ ಒಮ್ಮೆ ಎಲ್ಫರು, ಒಮ್ಮೆ ಮನುಷ್ಯರು, ಒಮ್ಮೆ ಆತ್ಮವಿಲ್ಲದ ಪಶುಗಳು ಎಂದು ಬದಲಾಗುತ್ತ ಹೋಗಿದೆ. ಗ್ರಂಥಕರ್ತರೇ ವಾದಿಗಳಲ್ಲೊಬ್ಬರಾಗಿ ಕುಳಿತಿರುವ ಕಡೆ ಅವರನ್ನು ನ್ಯಾಯಾಧೀಶರ ಪೀಠಕ್ಕೆ ಎಳೆದು ಕೂರಿಸುವುದು ಅವರಿಗೂ ಗೌರವವಲ್ಲ. ಪತ್ರಗಳು ಬೆಲೆಯುಳ್ಳ ಸಾಕ್ಷ್ಯಗಳು. ಸಾಕ್ಷ್ಯವನ್ನು ತೂಗಿ ನೋಡತಕ್ಕದ್ದು ಓದುಗನ ಕೆಲಸ.

ಓರ್ಕರ ಪ್ರಶ್ನೆ ಹುಡುಗಾಟದ್ದಲ್ಲ. ಒಂದು ಕುಲಕ್ಕೆ ಕುಲವೇ ಹುಟ್ಟಿನಿಂದ ಕೊಲ್ಲತಕ್ಕದ್ದೆಂದು ಒಂದು ಮಹಾಕಥೆಯು ಒಪ್ಪಿಸಿದರೆ, ಓದುಗನ ಧರ್ಮಬುದ್ಧಿಗೆ ಅದರಿಂದ ಏನಾಗುವುದೆಂದು ಕೇಳುವ ಹಕ್ಕು ಎಲ್ಲರಿಗೂ ಉಂಟು. ಇದು ಕೇವಲ ಕಥೆ ಎಂದು ಇಲ್ಲಿ ನುಣುಚಿಕೊಳ್ಳುವ ಅಭಿಮಾನಿಯು ವಿಲ್ಸನ್ನನ ಪಕ್ಷಕ್ಕೆ ಸೇರಿಹೋದನು. ಗ್ರಂಥವೇ ಈ ಪ್ರಶ್ನೆಯನ್ನು ಎಬ್ಬಿಸಿದೆ. ಶತ್ರುಪಕ್ಷದ ದಕ್ಷಿಣದೇಶದ ಯೋಧನೊಬ್ಬನು ಸತ್ತುಬಿದ್ದದ್ದನ್ನು ಕಂಡ ಸ್ಯಾಮ್ ಎಂಬ ಸೇವಕನು, ಇವನ ಹೆಸರೇನೋ, ಇವನು ನಿಜವಾಗಿ ದುಷ್ಟನೋ, ಯಾವ ಸುಳ್ಳೋ ಬೆದರಿಕೆಯೋ ಇವನನ್ನು ಮನೆಬಿಡಿಸಿ ಇಲ್ಲಿಗೆ ತಂದಿತೋ ಎಂದು ಮರುಗುತ್ತಾನೆ. ಓರ್ಕರಿಗಾಗಿ ಹಾಗೆ ಮರುಗುವವರು ಯಾರೂ ಇಲ್ಲ. ಆದರೂ ಒಂದೆಡೆ ಶಗ್ರಾಟ್, ಗೋರ್ಬಾಗ್ ಎಂಬ ಇಬ್ಬರು ಓರ್ಕರು, ಯುದ್ಧ ಮುಗಿದ ಮೇಲೆ ನಂಬಿಕೆಯ ನಾಲ್ಕು ಜನರೊಡನೆ ದೊಡ್ಡ ಯಜಮಾನರಿಲ್ಲದ ಕಡೆ ಹೋಗಿ ಇರಬಾರದೇ ಎಂದು ಮಾತಾಡಿಕೊಳ್ಳುತ್ತಾರೆ. ಅವರು ಬಯಸುವುದು ಕಳ್ಳರ ಬಾಳನ್ನೇ. ಆದರೂ ಒಡೆಯನ ಭಯದಿಂದ ಬಳಲಿದ ಜೀವಿಗಳ ದನಿ ಅದರಲ್ಲಿ ಕೇಳಿಬರುತ್ತದೆ. ಈ ಎರಡು ಸ್ಥಳಗಳನ್ನು ಪಕ್ಕಪಕ್ಕದಲ್ಲಿಟ್ಟು ಯೋಚಿಸುವ ಓದುಗನು ಗ್ರಂಥದ ಗುಣವನ್ನೂ ಕೊರತೆಯನ್ನೂ ಒಟ್ಟಿಗೆ ಕಾಣುತ್ತಾನೆ. ಬ್ಯಾಲ್ರಾಗ್ ಎಂಬ ಬೆಂಕಿಯ ಭೂತಕ್ಕೆ ರೆಕ್ಕೆಗಳುಂಟೇ ಎಂಬ ಬಹುಕಾಲದ ಜಗಳದಲ್ಲಿ ಗೆಲ್ಲುವುದಕ್ಕಿಂತ ಇದು ಕಷ್ಟವಾದ ಓದು. ರೆಕ್ಕೆಗಳ ವಾದದಿಂದ ಯಾರಿಗೂ ಹಾನಿಯಿಲ್ಲ. ಅದನ್ನೇ ಪಾಂಡಿತ್ಯವೆಂದು ತಿಳಿದರೆ ಮಾತ್ರ ಹಾನಿ.

1953ರಲ್ಲಿ ಪಾದ್ರಿಮಿತ್ರರೊಬ್ಬರಿಗೆ ಬರೆಯುತ್ತ ಟೋಲ್ಕಿನ್ ಈ ಗ್ರಂಥವು ಮೂಲತಃ ಧಾರ್ಮಿಕವಾದದ್ದು, ಕ್ಯಾಥೊಲಿಕ್ ಮತದ್ದು ಎಂದರು. ಆ ಕಾರಣದಿಂದಲೇ ಪೂಜೆ, ವ್ರತ, ದೇವಾಲಯಗಳ ಪ್ರಸ್ತಾಪವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಬಿಟ್ಟುದಾಗಿಯೂ, ಧರ್ಮಾಂಶವು ಕಥೆಯಲ್ಲಿಯೇ ಲೀನವಾಗಿದೆಯೆಂದೂ ತಿಳಿಸಿದರು. ಆ ಮತವನ್ನು ಅರಿಯದವರೂ ನಂಬದವರೂ ಗೊಲ್ಲಮನ ವಿಷಯದಲ್ಲಿ ಮರುಗಿದ್ದಾರೆ. ಹಾಗೆ ಲೀನವಾದದ್ದನ್ನು ಸೋಸಿ ತೆಗೆದು ಸೀಸೆಯಲ್ಲಿಟ್ಟು ಚೀಟಿ ಅಂಟಿಸಹೊರಟವರು, ಗ್ರಂಥಕರ್ತರ ಕೆಲಸವನ್ನೇ ಹಿಂದುಮುಂದಾಗಿ ಮಾಡುತ್ತಿದ್ದಾರೆ.

ಅಭಿಮಾನಿಗಳು ಸೇರಿ ಒಂದು ಗ್ರಂಥದ ಒಳಗನ್ನು ವಿಚಾರಿಸುವುದು ಸಾಹಿತ್ಯದ ಆರೋಗ್ಯಕ್ಕೆ ಅವಶ್ಯಕವಾದದ್ದು. ಅದನ್ನು ಹಾಸ್ಯಮಾಡುವ ಪಂಡಿತರು ತಮ್ಮ ತರಗತಿಗಳಲ್ಲಿ ಅಷ್ಟು ಆಸಕ್ತಿಯನ್ನು ಎಬ್ಬಿಸಿದ್ದಾರೆಯೇ ಎಂದು ಎಣಿಸಿ ನೋಡಲಿ. ಆದರೆ ಆ ವಿಚಾರವು ಕಥೆಯೊಳಗಿನ ಮನುಷ್ಯರು ಮಾಡಿದ್ದರ ಮೇಲೆ, ಅನುಭವಿಸಿದ್ದರ ಮೇಲೆ ನಿಲ್ಲಬೇಕು. ಒಂದು ವ್ಯಾಖ್ಯಾನವನ್ನು ಕೇಳಿದ ಓದುಗನು ಮನೆಗೆ ಹೋಗಿ ಆ ಅಧ್ಯಾಯವನ್ನು ಇನ್ನೊಮ್ಮೆ ತೆರೆದರೆ ವ್ಯಾಖ್ಯಾನ ಸಾರ್ಥಕವಾಯಿತು. ಓಹೋ, ಇಷ್ಟೇ ಏನು ಎಂದು ಅವನು ಪುಸ್ತಕವನ್ನು ಕಪಾಟಿಗೆ ಸೇರಿಸಿದರೆ, ಹೇಳಿದವನು ಎಷ್ಟೇ ಅಭಿಮಾನಿಯಾಗಿರಲಿ, ಒಬ್ಬ ಓದುಗನನ್ನು ಆ ಗ್ರಂಥದಿಂದ ದೂರಮಾಡಿದನು.